ಕೊಯ್ದ ತೊಲೆ

ಫೆಬ್ರವರಿಯ ಒಂದು ಮಂಗಳವಾರ ಬೆಳಿಗ್ಗೆ ಲಿನೆಟ್ ಓಟ್ಸ್ ಗಂಜಿಗೆ ಹಾಲು ಸುರಿಯುತ್ತಿದ್ದಾಗ ಮೆಟ್ಟಿಲ ಕಡೆಯಿಂದ ಮೂಟೆ ಉರುಳಿದಂಥ ಸದ್ದಾಯಿತು. ಓಡಿಹೋಗಿ ನೋಡಿದರೆ ಅತ್ತೆ ಮ್ಯೂರಿಯಲ್ ಮೆಟ್ಟಿಲ ಬುಡದ ಹಲಗೆ ಬಾಗಿಲಿಗೆ ಒರಗಿ ಕೂತಿದ್ದಳು. ಒಗೆಯಲು ತರುತ್ತಿದ್ದ ದಿಂಬಿನ ಚೀಲಗಳು ಸುತ್ತ ಚೆಲ್ಲಿಕೊಂಡಿದ್ದವು.

"ಮುಟ್ಬೇಡ," ಅಂದಳು ಮ್ಯೂರಿಯಲ್. "ಕೈ ಹೋಯ್ತು. ಮಿಕ್ಕಿದ್ದೆಲ್ಲ ಇದೆ."

"ಬಟ್ಟೆ ನಾನೇ ತರ್ತೀನಿ ಅಂತ ಹೇಳಿರ್ಲಿಲ್ವಾ ಅಮ್ಮಾ?"

"ಹೇಳಿದ್ದೆ. ನಿನ್ನೇನೂ ನೀನು ಹೇಳಿದ್ದೆ. ಮೊನ್ನೇನೂ ಹೇಳಿದ್ದೆ."

ಎಂಬತ್ತು ವರ್ಷದ ಮುದುಕಿ, ಬಿದ್ದರೂ ನಾಲಿಗೆ ಮಾತ್ರ ನೆಟ್ಟಗಿತ್ತು. ಆಸ್ಪತ್ರೆಯಲ್ಲಿ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿ, ಇನ್ನು ಮೆಟ್ಟಿಲು ಹತ್ತುವ ಮಾತೇ ಬೇಡ ಅಂದು ಕಳಿಸಿದರು. ಹೇಳುವುದು ಸುಲಭ. ಗ್ಯಾರಡ್ ಕುಟುಂಬದ ಆ ಮನೆಯಲ್ಲಿ ಮಲಗುವ ಕೋಣೆಗಳೂ ಮೇಲೆ, ಬಚ್ಚಲೂ ಮೇಲೆ. ಮೆಟ್ಟಿಲೋ, ಹೊಗೆಗೂಡಿನ ಪಕ್ಕದ ಕಪಾಟಿನಂಥ ಜಾಗದಲ್ಲಿ ಸುತ್ತಿಕೊಂಡು ಏರುವಂಥದ್ದು. ಲಿನೆಟ್ ಮದುವೆಯಾಗಿ ಬಂದ ದಿನವೇ ಅಲ್ಲಿ ಹಣೆ ಜಜ್ಜಿಕೊಂಡಿದ್ದಳು. ಅದಾಗಿ ಇಪ್ಪತ್ತೊಂಬತ್ತು ವರ್ಷ. ಇಂಗ್ಲೆಂಡಿನ ಸಫೋಕ್‌ನ ಆ ಹಳ್ಳಿಯಲ್ಲಿ ಅಷ್ಟು ಸೊಟ್ಟಗಿದ್ದ ಮನೆ ಇನ್ನೊಂದಿರಲಿಲ್ಲ. ಓಕ್ ಮರದ ಕಂಬ, ತೊಲೆ, ನಡುವೆ ಕಡ್ಡಿ ಹೆಣೆದು ಮಣ್ಣು ಮೆತ್ತಿದ ತಡಿಕೆ ಗೋಡೆ. ಬೇಸಿಗೆಯಲ್ಲಿ ದಾರಿಹೋಕರು ನಿಂತು ಫೋಟೋ ತೆಗೆಯುತ್ತಿದ್ದರು. ಚಳಿಗಾಲದಲ್ಲಿ ಕಿಟಕಿಯ ಸಂದಿಗೆ ಹಳೇ ಕಾಲುಚೀಲ ತುರುಕುವವಳು ಲಿನೆಟ್.

ಆ ದಿನ ಸಂಜೆ ಬೇಯಿಸಿದ ಹಂದಿಮಾಂಸ, ಎಲೆಕೋಸು ಬಡಿಸುತ್ತ ಅವಳು ಮಾತು ತೆಗೆದಳು. "ಗಿರಣಿ ಬೀದಿ ತುದೀಲಿ ಕಟ್ತಿರೋ ಮನೆಗಳನ್ನ ನೋಡ್ಕೊಂಡು ಬರೋಣ, ಡೆಸ್. ಒಂದೂ ಮೆಟ್ಟಿಲಿಲ್ಲ. ಎಲ್ಲ ಒಂದೇ ಮಟ್ಟಕ್ಕೆ."

ಗಂಡ ಡೆಸ್ಮಂಡ್ ಸಕ್ಕರೆ ಕಾರ್ಖಾನೆಗೆ ಬೀಟ್ ಗೆಡ್ಡೆ ಸಾಗಿಸುವ ಲಾರಿ ಓಡಿಸುತ್ತಿದ್ದ. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. "ಡಬ್ಬಿ ಮನೆಗಳು."

"ಡಬ್ಬೀಲಿ ಕೊನೇಪಕ್ಷ ಗಾಳಿ ನುಗ್ಗಲ್ಲ."

"ಅಮ್ಮ ಈ ಮನೆ ಬಿಟ್ಟು ಒಂದು ತಿಂಗಳು ಬದುಕಲ್ಲ. ನೀನೇ ಕೇಳು ಬೇಕಾದ್ರೆ."

ಯಾರೂ ಕೇಳಲಿಲ್ಲ. ಮ್ಯೂರಿಯಲ್ ಎಡಗೈಯಲ್ಲಿ ಫೋರ್ಕ್ ಹಿಡಿದು ಆಲೂಗಡ್ಡೆಯ ಹಿಂದೆ ಬಿದ್ದಿದ್ದಳು. ಮೊಮ್ಮಗಳು ತಾಮ್ಸಿನ್ ಅದನ್ನು ಕತ್ತರಿಸಿಕೊಟ್ಟಳು. ತಾಮ್ಸಿನ್‌ಗೆ ಇಪ್ಪತ್ನಾಲ್ಕು, ಪೇಟೆಯ ಸಲೂನಿನಲ್ಲಿ ಹೆಂಗಸರ ಕೂದಲು ಕತ್ತರಿಸುವ ಕೆಲಸ.

"ಕೆಳಗಡೆ ಹಳೇ ಉಗ್ರಾಣದ ಕೋಣೆ ಇದೆಯಲ್ಲ," ಅಂದ ಡೆಸ್. "ಅಲ್ಲೇ ಒಂದು ಬಚ್ಚಲು ಮಾಡಿದ್ರಾಯ್ತು."

ಆಯ್ತು ಅಂದಮಾತ್ರಕ್ಕೆ ಆಗುವಂತಿರಲಿಲ್ಲ. ಮನೆ ಸರ್ಕಾರದ ರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿತ್ತು. ಒಂದು ಗೋಡೆಗೆ ತೂತು ಹಾಕಬೇಕಾದರೂ ಅಪ್ಪಣೆ ಬೇಕು. ಕಚೇರಿಗೆ ಬರೆದದ್ದಕ್ಕೆ, ಮೊದಲು ಮನೆಯ ಚರಿತ್ರೆ ತಿಳಿದವರಿಂದ ಒಂದು ವರದಿ ಮಾಡಿಸಿ ಕಳಿಸಿ ಎಂದು ಉತ್ತರ ಬಂತು.

ಅಲ್ಲಿಯವರೆಗೆ ಮ್ಯೂರಿಯಲ್‌ಗೆ ಮುಂದಿನ ಕೋಣೆಯಲ್ಲಿ, ಬೆಂಕಿಗೂಡಿನ ಎದುರು ಮಂಚ. ಲಿನೆಟ್ ಬೆಳಿಗ್ಗೆ ಆರಕ್ಕೆ ಎದ್ದು, ಬಿಸಿನೀರು ಹೊತ್ತು, ಅತ್ತೆಯ ಮೈ ಒರೆಸಿ, ಬಟ್ಟೆ ಹಾಕಿ, ಮಂಚದಡಿಯ ಮಲಮೂತ್ರದ ಪಾತ್ರೆ ಚೆಲ್ಲಿ ತೊಳೆದು, ಎಂಟಕ್ಕೆ ಶಾಲೆಯ ಅಡುಗೆಮನೆಗೆ ಹೋಗಿ ನೂರಿಪ್ಪತ್ತು ಮಕ್ಕಳಿಗೆ ಊಟ ಬೇಯಿಸುತ್ತಿದ್ದಳು. ಸಂಜೆ ಬಂದರೆ ಮತ್ತೆ ಅದೇ.

"ಬಿಸಿ ಸಾಲದು," ಅನ್ನುವಳು ಮ್ಯೂರಿಯಲ್.

"ಒಲೆ ಮೇಲೆ ಕೂರಿಸ್ಲಾ ನಿಮ್ಮನ್ನೇ?"

"ಕೂರಿಸು. ಬೆಚ್ಚಗಾದ್ರೂ ಇರುತ್ತೆ."

ಮಾರ್ಚ್ ಮೊದಲ ವಾರ ಆ ವರದಿಗಾಗಿ ಮಿಸೆಸ್ ಲೆಗೆಟ್ ಬಂದರು. ಎಪ್ಪತ್ತು ದಾಟಿದ್ದ ನಿವೃತ್ತ ಭೂಗೋಳದ ಟೀಚರು. ಸುತ್ತಿನ ಹಳ್ಳಿಗಳ ಹಳೇ ಮನೆಗಳನ್ನು ಅಳೆದು ನಕ್ಷೆ ಬರೆಯುವುದೇ ಅವರ ಈಗಿನ ಬದುಕು. ಗ್ಯಾರೇಜಿನವರು ತೊಡುವಂಥ ನೀಲಿ ಅಂಗಿ, ಹಣೆಗೆ ಕಟ್ಟಿದ ಟಾರ್ಚು. ಮ್ಯೂರಿಯಲ್ ಅವತ್ತು ತಾಮ್ಸಿನ್ ಕೈಯಲ್ಲಿ ತಲೆ ಬಾಚಿಸಿಕೊಂಡು, ಒಳ್ಳೇ ಸ್ವೆಟರ್ ಹಾಕಿಕೊಂಡು ಮಂಚದ ಮೇಲೆ ಎದ್ದು ಕೂತಿದ್ದಳು.

"ಇದು ಹಡಗಿನ ಮರದ ಮನೆ," ಎಂದು ಶುರುಮಾಡಿದಳು. "ಸ್ಪೇನ್‌ನೋರು ದಂಡೆತ್ತಿ ಬಂದು ಮುಳುಗಿದ್ರಲ್ಲ, ಆ ಹಡಗಿಂದು. ಆ ತೊಲೇಲಿ ತೂತು ನೋಡಿ. ಅಲ್ಲೇ ಹಡಗಿನ ಪಕ್ಕೆ ಕೂತಿತ್ತು. ನಮ್ಮ ಮಾವ ಹೇಳ್ತಿದ್ರಂತೆ."

ಮಿಸೆಸ್ ಲೆಗೆಟ್ ನಿಧಾನವಾಗಿ ಚಹ ಕಲಕಿದರು. "ಮಿಸೆಸ್ ಗ್ಯಾರಡ್, ನಾನು ಈ ಕಡೆ ಇನ್ನೂರು ಮನೆ ನೋಡಿದೀನಿ. ನೂರೈವತ್ತು ಮನೆಯೋರು ಹಡಗಿನ ಮರ ಅಂದ್ರು. ಅಷ್ಟು ಹಡಗು ಪಾಪ ಸ್ಪೇನ್‌ನೋರ ಹತ್ರ ಇರ್ಲೇ ಇಲ್ಲ."

ತಾಮ್ಸಿನ್ ಫಕ್ಕನೆ ನಕ್ಕಳು. ಮ್ಯೂರಿಯಲ್ ಮುಖ ಬಿಗಿಯಿತು. "ಹಾಗಾದ್ರೆ ಆ ತೂತುಗಳು ಇಲಿ ಕಚ್ಚಿದ್ದಾ?"

"ಅಲ್ಲೊಂದು ಅಡ್ಡಗೋಡೆ ಇತ್ತು. ಅದರ ಕಂಬಗಳು ಕೂತಿದ್ದ ಜಾಗ ಅದು. ಇರಿ, ಮೇಲೆ ಹೋಗಿ ಬರ್ತೀನಿ."

ಎರಡು ಗಂಟೆ ಅಟ್ಟದಲ್ಲಿ ತೆವಳಾಡಿ ಇಳಿದಾಗ ಅವರ ಅಂಗೈ, ಮೊಣಕೈ, ಮೂಗಿನ ತುದಿ ಎಲ್ಲ ಕಪ್ಪು. ಆದರೆ ಮುಖ ಮದುವೆಮನೆಯಿಂದ ಬಂದವರ ಹಾಗಿತ್ತು.

"ನೋಡಿ ಇದು," ಎಂದು ಅಂಗೈ ತೋರಿಸಿದರು. "ಅಡುಗೆ ಮಸಿ. ಮಾಡಿನ ಪಕ್ಕಾಸುಗಳಿಗೆಲ್ಲ ಮೆತ್ತಿಕೊಂಡಿದೆ. ಈ ಮನೆ ಕಟ್ಟಿದಾಗ ಮಹಡಿನೂ ಇರ್ಲಿಲ್ಲ, ಹೊಗೆಗೂಡೂ ಇರ್ಲಿಲ್ಲ. ನೆಲದಿಂದ ಮಾಡಿನ ತನಕ ಒಂದೇ ಬಯಲು. ಮಧ್ಯ ನೆಲದ ಮೇಲೆ ಬೆಂಕಿ. ಸುಮಾರು ನೂರೈವತ್ತು ವರ್ಷದ ಹೊಗೆ ಅಲ್ಲಿದೆ. ಮಹಡಿ ಆಮೇಲೆ ತುರುಕಿದ್ದು. ಅದಕ್ಕೇ ತೊಲೆಗಳೆಲ್ಲ ಅಡ್ಡಾದಿಡ್ಡಿ ಎತ್ತರಕ್ಕೆ ಬಂದಿರೋದು."

"ಅಂದ್ರೆ ಯಾವಾಗಿಂದು?" ಎಂದಳು ಲಿನೆಟ್.

"ಸಾವಿರದ ನಾನೂರರವತ್ತರ ಹತ್ರ ಹತ್ರ. ಆ ಹಡಗುಗಳು ಬರೋಕೆ ನೂರಿಪ್ಪತ್ತು ವರ್ಷ ಮೊದಲು."

ಮ್ಯೂರಿಯಲ್ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. "ಹಡಗಿಗಿಂತ ಹಳೇದು."

"ಹಳೇದು."

"ಹಾಗಾದ್ರೆ ಸರಿ. ಲಿನೆಟ್, ಅವರಿಗೆ ಇನ್ನೊಂದು ತುಂಡು ಕೇಕ್ ಕೊಡು."

ಕೇಕ್ ತಿಂದು ಮಿಸೆಸ್ ಲೆಗೆಟ್ ಮತ್ತೆ ಮಹಡಿಗೆ ಹೋದರು. ಮೇಲಿನ ಎರಡು ಕೋಣೆಗಳ ನಡುವಿನ ಬಾಗಿಲಲ್ಲಿ ನಿಂತು, ಎರಡೂ ಬದಿಯ ಗೋಡೆಗೆ ಅಂಟಿಕೊಂಡಿದ್ದ ಹಲಗೆಯ ಪೆಟ್ಟಿಗೆಗಳನ್ನು ಬೆರಳಿಂದ ತಟ್ಟಿದರು. ಆಚೆಯದು ತಾಮ್ಸಿನ್ ಕೋಣೆ. ಅವಳು ಆ ಪೆಟ್ಟಿಗೆಗಳ ಮೇಲೆ ಸೆಂಟಿನ ಬಾಟಲಿ ಇಡುತ್ತಿದ್ದಳು. ಒಳಗೇನಿದೆ ಎಂದು ಯಾರೂ ಯೋಚಿಸಿರಲಿಲ್ಲ. ಡೆಸ್ ಸ್ಕ್ರೂಡ್ರೈವರ್ ತಂದು ಹಲಗೆ ಕಿತ್ತ.

ಒಳಗೆ ಗಂಡಸಿನ ತೊಡೆಗಿಂತ ದಪ್ಪದ ತೊಲೆ ಸೊಂಟದ ಮಟ್ಟಕ್ಕೆ ಗೋಡೆಯಿಂದ ಹೊರಟು, ಬಾಗಿಲ ಅಂಚಿಗೆ ಬಂದು, ತುಂಡಾಗಿ ನಿಂತಿತ್ತು. ಎದುರು ಬದಿಯಲ್ಲೂ ಹಾಗೇ. ನಡುವೆ ಬಾಗಿಲಷ್ಟು ಅಗಲ ಖಾಲಿ.

ಮಿಸೆಸ್ ಲೆಗೆಟ್ ಎರಡೂ ತುದಿಗಳನ್ನು ಬೆರಳಿಂದ ಸವರಿದರು. ಆಮೇಲೆ ದಾರಕ್ಕೆ ಸೀಸದ ಗುಂಡು ಕಟ್ಟಿ ಹೊರಗೋಡೆಯ ಪಕ್ಕ ಇಳಿಬಿಟ್ಟು ನೋಡಿದರು. "ಐದು ಇಂಚು ಹೊರಕ್ಕೆ ವಾಲಿದೆ. ಈ ತೊಲೆ ಎರಡು ಗೋಡೆಗಳ ಕೈ ಹಿಡ್ಕೊಂಡು ನಿಲ್ಲಿಸಿತ್ತು. ಯಾರೋ ಕೈ ಬಿಡಿಸಿದಾರೆ."

"ಯಾವ ಕಾಲದ್ದೋ ಏನೋ," ಅಂದ ಡೆಸ್.

"ಇಲ್ಲ. ಇದು ಉಕ್ಕಿನ ಕೈಗರಗಸ. ಹೆಚ್ಚೆಂದ್ರೆ ಅರವತ್ತು ವರ್ಷ. ವಿಚಿತ್ರ ನೋಡಿ, ಮೇಲಿನ ಅರ್ಧ ನಾಯಿ ಕಡಿದ ಹಾಗಿದೆ, ಕೆಳಗಿನ ಅರ್ಧ ಎಷ್ಟು ನುಣ್ಣಗಿದೆ." ಅವರು ತಾಮ್ಸಿನ್ ಕಡೆ ತಿರುಗಿದರು. "ಮಗು, ರಿಪೇರಿ ಆಗೋ ತನಕ ನೀನು ಈ ಕೋಣೇಲಿ ಮಲಗಬಾರದು."

ಅರವತ್ತು ವರ್ಷದ ಹಿಂದೆ ಆ ಮನೆಯಲ್ಲಿದ್ದ ಗಂಡಸು ಒಬ್ಬನೇ. ಡೆಸ್‌ನ ಅಪ್ಪ ವಾಲ್ಟರ್.

ಅವತ್ತಿನಿಂದ ಮನೆಯಲ್ಲಿ ನೆಮ್ಮದಿ ಕೆಟ್ಟಿತು. ತಾಮ್ಸಿನ್ ಕೆಳಗೆ ಸೋಫಾದ ಮೇಲೆ, ಅಜ್ಜಿಯ ಗೊರಕೆಯ ಪಕ್ಕ. ಅವಳ ಬಟ್ಟೆಯ ರಾಶಿ ಊಟದ ಮೇಜಿನ ಮೇಲೆ. ಡೆಸ್‌ಗಂತೂ ಬಾಯಿಗೆ ಬೀಗವೇ ಇಲ್ಲ.

"ಏಳು ವರ್ಷದೋನಿದ್ದಾಗ ಕಂಬಕ್ಕೆ ಒಂದು ಮೊಳೆ ಹೊಡೆದಿದ್ದೆ. ಒಂದೇ ಒಂದು ಮೊಳೆ. ಅಪ್ಪ ಬೆಲ್ಟ್ ಬಿಚ್ಚಿ ಬಾರಿಸಿದ್ದ ನಂಗೆ. 'ಈ ಮರ ಮುಟ್ಟಬೇಡ' ಅಂತ. ತಾನು ಮಾತ್ರ ಬೆನ್ನುಮೂಳೇನೇ ಕೊಯ್ದು ಹಲಗೆ ಮುಚ್ಚಿಟ್ಟಿದ್ದ!"

"ಸತ್ತೋರ ಮೇಲೆ ಯಾಕೆ ಕೂಗಾಡ್ತೀಯ?" ಅಂದಳು ಲಿನೆಟ್. "ಮುಂದೇನು ಅಂತ ಹೇಳು. ಮನೆ ಬಾಯಿ ಬಿಡ್ತಾ ಇದೆ, ನಾವು ಅದರೊಳಗೆ ಊಟ ಮಾಡ್ತಾ ಕೂತಿದೀವಿ. ಗಿರಣಿ ಬೀದೀಲಿ ಇನ್ನೂ ಎರಡು ಮನೆ ಖಾಲಿ ಇವೆ."

"ನಿಂಗೆ ಅದೇ ಖುಷಿ ಅಲ್ವಾ? ಮನೆ ಬಿದ್ದೋಗ್ಲಿ ಅಂತಾನೇ ಕಾಯ್ತಿದ್ದೆ."

"ಬಿದ್ರೆ ಕೆಳಗಿರೋಳು ನಾನೇ!"

"ಅಮ್ಮನ್ನ ಇಲ್ಲಿಂದ ಎಬ್ಬಿಸಿದ್ರೆ ಅವಳು ಉಳಿಯಲ್ಲ, ನಿಂಗೆ ಅರ್ಥ ಆಗಲ್ಲ."

"ನಿಮ್ಮಪ್ಪನ ಸುದ್ದಿ ಬಿಡು ಡೆಸ್," ಎಂದಳು ಮ್ಯೂರಿಯಲ್ ಮಂಚದಿಂದ. ಅಷ್ಟೇ. ಆದರೆ ಅವನು ಬಿಡಲಿಲ್ಲ. ಬೆಂಕಿಗೂಡಿನ ಮೇಲಿದ್ದ ಅಪ್ಪನ ಫೋಟೋವನ್ನು ಒಂದು ಭಾನುವಾರ ತೆಗೆದು ಕಪಾಟಿನೊಳಗೆ ಹಾಕಿದ. ಮ್ಯೂರಿಯಲ್ ಆ ಖಾಲಿ ಜಾಗವನ್ನು ನೋಡುತ್ತ ಆ ದಿನವೆಲ್ಲ ಊಟ ಮುಟ್ಟಲಿಲ್ಲ.

ಮಾರ್ಚ್ ಕೊನೆಗೆ ಕಚೇರಿಯಿಂದ ಒಬ್ಬ ಅಧಿಕಾರಿ ಬಂದು ನೋಡಿದ. ಮೆತ್ತಗೆ ಮಾತಾಡುವ ಹುಡುಗ. ಬಚ್ಚಲಿಗೆ ಅಡ್ಡಿಯಿಲ್ಲ, ಆದರೆ ಮೊದಲು ತೊಲೆ ಸರಿಯಾಗಬೇಕು. ಹೊಸ ಓಕ್ ತುಂಡು ಕೂಡಿಸಿ, ಹಿಂದೆ ಇದ್ದ ಎತ್ತರಕ್ಕೇ, ಹಿಂದೆ ಇದ್ದ ಹಾಗೇ ಮಾಡುವುದೇ ಕ್ರಮ ಎಂದ.

"ಆಗ ಆಚೆ ಕೋಣೆಗೆ ಹೋಗೋದು ಹೇಗೆ?" ಎಂದಳು ತಾಮ್ಸಿನ್.

"ತೊಲೆ ಕೆಳಗೆ ನುಸುಳಿಕೊಂಡು ಹೋಗಬಹುದು. ಮೊದಲು ಹಾಗೇ ಹೋಗ್ತಿದ್ರು."

ಲಿನೆಟ್‌ಗೆ ಅದೇನೂ ದೊಡ್ಡದಾಗಿ ಕಾಣಲಿಲ್ಲ. ಅವಳ ತಲೆಯಲ್ಲಿ ಇದ್ದದ್ದು ಗಿರಣಿ ಬೀದಿ. ಆದರೆ ಅಧಿಕಾರಿ ಹೋದ ಮೇಲೆ ಮೈ ಒರೆಸಲು ನೀರು ತಂದಾಗ ಮ್ಯೂರಿಯಲ್ ಕಂಬಳಿಯನ್ನು ಗಲ್ಲದ ತನಕ ಎಳೆದುಕೊಂಡು ಕೂತಿದ್ದಳು.

"ಚಳೀನಾ ಅಮ್ಮಾ?"

"ಅದನ್ನ ಮತ್ತೆ ಹಾಕ್ತಾರಂತೆ."

"ತೊಲೆನಾ? ಹಾಕ್ಲಿ ಬಿಡಿ."

"ಹಾಕ್ಬಾರ್ದು!" ಮುದುಕಿ ಚೀರಿದ ಸದ್ದಿಗೆ ಲಿನೆಟ್ ಕೈಯಿಂದ ಸೋಪು ಜಾರಿತು. "ಎರಡು ದಿನ ಕೊಯ್ದಿದೀನಿ ನಾನು ಅದನ್ನ."

ಲಿನೆಟ್ ಬಟ್ಟಲನ್ನು ನೆಲಕ್ಕಿಟ್ಟು ಮಂಚದ ಅಂಚಿಗೆ ಕೂತಳು. ಮ್ಯೂರಿಯಲ್ ಬೆಂಕಿಯ ಕಡೆ ಮುಖ ಮಾಡಿ ಹೇಳಿದಳು.

ಮದುವೆಯಾಗಿ ಆ ಮನೆಗೆ ಬಂದಾಗ ಅವಳಿಗೆ ಇಪ್ಪತ್ತೊಂದು. ಅವಳ ಅತ್ತೆ ಏಡಾ ಆಚೆ ಕೋಣೆಯಲ್ಲಿ ಹಾಸಿಗೆ ಹಿಡಿದಿದ್ದಳು. ಮೆಟ್ಟಿಲು ಇರುವುದು ಈಚೆ. ನಡುವೆ ಸೊಂಟದ ಮಟ್ಟಕ್ಕೆ ತೊಲೆ. ನೀರು, ಸೂಪು, ಮಲಮೂತ್ರದ ಪಾತ್ರೆ, ಒದ್ದೆ ಹಾಸಿಗೆಬಟ್ಟೆ, ಏನೇ ಇದ್ದರೂ ಮೊದಲು ಅದನ್ನು ನೆಲದ ಮೇಲೆ ಆಚೆ ತಳ್ಳಿ, ಆಮೇಲೆ ತಾನು ಮೊಣಕಾಲೂರಿ ನುಸುಳಬೇಕು. ದಿನಕ್ಕೆ ಇಪ್ಪತ್ತು ಸಲ. ಡೆಸ್ ಹೊಟ್ಟೆಯಲ್ಲಿ ಏಳು ತಿಂಗಳಾಗಿದ್ದಾಗ ಒಂದು ದಿನ ತೊಲೆಯ ಕೆಳಗೆ ಸಿಕ್ಕಿಕೊಂಡು ಮುಂದಕ್ಕೂ ಹೋಗಲಾರದೆ ಹಿಂದಕ್ಕೂ ಬರಲಾರದೆ, ಚೆಲ್ಲಿದ ಪಾತ್ರೆಯ ಮೇಲೇ ಕಾಲು ಗಂಟೆ ಬಿದ್ದಿದ್ದಳು.

"ವಾಲ್ಟರ್‌ಗೆ ಹೇಳಿದೆ. ಮನೆ ಜಮೀನಿನ ಧಣಿದು, ಮರ ಮುಟ್ಟಿದ್ರೆ ಬೀದಿಗೆ ಹಾಕ್ತಾನೆ ಅಂದ. ಅವನ ತಪ್ಪಲ್ಲ, ಅವನಿಗೂ ಭಯ. ಮಾರನೇ ದಿನ ಅವನು ಗೆಡ್ಡೆ ಕೀಳೋಕೆ ಹೋದ ಮೇಲೆ ಗರಗಸ ತಗೊಂಡೆ. ಓಕ್ ಅಂದ್ರೆ ಕಬ್ಬಿಣ ಕಣೇ. ಸಂಜೆ ತನಕ ಎಳೆದ್ರೆ ಎರಡೂ ಕಡೆ ಅರ್ಧರ್ಧ ಆಯ್ತು, ಅಂಗೈಯೆಲ್ಲ ಬೊಕ್ಕೆ. ರಾತ್ರಿ ವಾಲ್ಟರ್‌ಗೆ ಕಾಣದ ಹಾಗೆ ಮೇಲೆ ಬಟ್ಟೆ ಒಣಹಾಕಿದೆ. ಆ ಮುದುಕಿ ಆಚೆ ಹಾಸಿಗೇಲಿ ಮಲಗಿ ಕೇಳಿಸ್ಕೊಳ್ತಾನೇ ಇದ್ಲು. ಒಂದು ಮಾತಿಲ್ಲ. ಮಗನಿಗೆ ಹೇಳ್ತಾಳೆ, ನನ್ನ ಕತೆ ಮುಗೀತು ಅಂದ್ಕೊಂಡೆ."

"ಹೇಳಿದ್ರಾ?"

"ಇಲ್ಲ. ಎರಡನೇ ದಿನ ಬೆಳಿಗ್ಗೆ ಗರಗಸ ಇಟ್ಟೆ ನೋಡು, ಒಳಗಿಂದ ಕೂಗಿದ್ಲು: 'ಅಲಗಿಗೆ ಮೇಣದಬತ್ತಿ ತಿಕ್ಕೇ ಹುಡುಗಿ. ಮೂವತ್ತು ವರ್ಷ ನಾನೂ ತೆವಳಿದೀನಿ, ಬೇಗ ಮುಗಿಸು.'" ಮ್ಯೂರಿಯಲ್ ಸಣ್ಣಗೆ ನಕ್ಕಳು. "ಆ ಹೆಂಗಸು ನನ್ನ ಹತ್ರ ಒಳ್ಳೇ ಮಾತಾಡಿದ್ದು ಅದೊಂದೇ."

ವಾಲ್ಟರ್ ಸಂಜೆ ಬಂದು ನೋಡಿದನಂತೆ. ಊಟ ಮಾಡಿ, ಹಲಗೆ ತಂದು, ತುಂಡಾದ ತುದಿಗಳಿಗೆ ಪೆಟ್ಟಿಗೆ ಹೊಡೆದ. ಯಾರಾದರೂ ಕೇಳಿದರೆ ಕೊಯ್ದವನು ನಾನು, ನೀನು ಬಾಯಿ ಬಿಡಬೇಡ ಎಂದು ಮಾತು ತೆಗೆದುಕೊಂಡ. ಆಮೇಲೆ ಮನೆಯನ್ನು ಧಣಿಯಿಂದ ಕೊಂಡರೂ ಆ ಮಾತು ಮಾತ್ರ ಹಾಗೇ ಉಳಿಯಿತು.

"ಈಗ ನನ್ನ ಮಗನೇ ಅವನ ಫೋಟೋ ಕಪಾಟಿಗೆ ಹಾಕಿದಾನೆ."

ಲಿನೆಟ್ ಅತ್ತೆಯ ಬೆನ್ನನ್ನು ಮತ್ತೊಂದು ಸಲ, ಬಿಸಿನೀರಿನಲ್ಲಿ, ನಿಧಾನವಾಗಿ ಒರೆಸಿದಳು. ಇಪ್ಪತ್ತೊಂಬತ್ತು ವರ್ಷ ಆ ಬಾಗಿಲಲ್ಲಿ ತಾನು ತಲೆ ಎತ್ತಿಕೊಂಡು ಓಡಾಡಿದ್ದೆ ಎಂಬುದು ಅವಳಿಗೆ ಅಂದೇ ಹೊಳೆದದ್ದು. "ಮಿಸೆಸ್ ಲೆಗೆಟ್‌ಗೆ ಹೇಳ್ತೀರಾ?" ಎಂದಳು. "ಬರೆಯೋದು ಬರೀತಾರೆ, ಸರಿಯಾಗಿ ಬರೀಲಿ."

ಮ್ಯೂರಿಯಲ್ ಬೆಂಕಿಯಿಂದ ಮುಖ ತಿರುಗಿಸಿ, "ಕೇಕ್ ಮಾಡು ಹಾಗಾದ್ರೆ," ಅಂದಳು.

ಕಚೇರಿಗೆ ಲಿನೆಟ್ ತಾನೇ ಹೋದಳು, ಶಾಲೆಯ ಏಪ್ರನ್ ಕೂಡ ಬಿಚ್ಚದೆ. ಅಧಿಕಾರಿಯ ಎದುರು ಕುರ್ಚಿ ಎಳೆದುಕೊಂಡು, "ನಿಮ್ಮಮ್ಮ ತುಂಬು ಬಸುರಿ ಆಗಿದ್ದಾಗ ಮೇಜಿನ ಕೆಳಗೆ ಪಾತ್ರೆ ತಳ್ಕೊಂಡು ನುಸುಳಿದ್ರಾ?" ಎಂದು ಶುರುಮಾಡಿದಳು. ಅವನು ಕಣ್ಣು ಕಣ್ಣು ಬಿಟ್ಟ. ಮಿಸೆಸ್ ಲೆಗೆಟ್ ಜೊತೆಗಿದ್ದರು. ಆ ಗರಗಸದ ಗುರುತೂ ಮನೆಯ ಚರಿತ್ರೆಯೇ, ಮಸಿಯಷ್ಟೇ ಸತ್ಯ, ಅದನ್ನು ಅಳಿಸಬಾರದು ಎಂದು ವಾದಿಸಿದರು. ತೊಲೆಯ ಬದಲು ಬಾಗಿಲ ಮೇಲೆ, ಯಾರ ತಲೆಗೂ ತಾಗದಷ್ಟು ಎತ್ತರದಲ್ಲಿ, ಎರಡು ಗೋಡೆಗಳನ್ನು ಬಿಗಿಯುವ ಕಬ್ಬಿಣದ ಸರಳು ಹಾಕಬಹುದು ಎಂದು ನಕ್ಷೆ ಬರೆದುಕೊಟ್ಟರು. ಎರಡು ವಾರ ಕಳೆದು ಒಪ್ಪಿಗೆ ಬಂತು. ಜೊತೆಗೆ ವರದಿಯ ಒಂದು ಪ್ರತಿ.

ಅದು ಏಪ್ರಿಲ್ ಕೊನೆಯ ಭಾನುವಾರ. ಮೇಜಿನ ಮೇಲೆ ಕುರಿಮಾಂಸದ ರೋಸ್ಟು, ಪುದೀನ ಚಟ್ನಿ, ಹೊಸ ಆಲೂಗಡ್ಡೆ. ಲಿನೆಟ್ ವರದಿಯನ್ನು ಡೆಸ್ ತಟ್ಟೆಯ ಪಕ್ಕ ಇಟ್ಟಳು. "ಹನ್ನೊಂದನೇ ಪುಟ. ಗಟ್ಟಿಯಾಗಿ ಓದು."

ಡೆಸ್ ಕನ್ನಡಕ ಹಾಕಿಕೊಂಡ. "'ನಡುವಿನ ಅಡ್ಡತೊಲೆಯನ್ನು ಸಾವಿರದ ಒಂಬೈನೂರ ಐವತ್ತೆರಡರ ಫೆಬ್ರವರಿಯಲ್ಲಿ, ಮಹಡಿಯ ಹಿಂಬದಿ ಕೋಣೆಯಲ್ಲಿದ್ದ ರೋಗಿಗೆ ನೀರು ಆಹಾರ ಒಯ್ಯಲು ದಾರಿ ಮಾಡುವುದಕ್ಕಾಗಿ ಕೊಯ್ಯಲಾಯಿತು. ಕೊಯ್ದವರು...'" ಅವನು ನಿಲ್ಲಿಸಿದ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "'...ಕೊಯ್ದವರು ಶ್ರೀಮತಿ ಮ್ಯೂರಿಯಲ್ ಗ್ಯಾರಡ್.'"

"ಅಜ್ಜೀ!" ಅಂದಳು ತಾಮ್ಸಿನ್.

"ಐವತ್ತೆರಡು," ಅಂದ ಡೆಸ್. "ನಾನು ಹುಟ್ಟಿದ್ದು ಏಪ್ರಿಲ್‌ನಲ್ಲಿ."

"ನೀನೂ ಇದ್ದೆ," ಅಂದಳು ಮ್ಯೂರಿಯಲ್. "ಒಳಗಿಂದ ಒದೀತಾ ಇದ್ದೆ. ಸಹಾಯಕ್ಕೋ ಬೈಯೋಕೋ ಗೊತ್ತಾಗ್ಲಿಲ್ಲ."

"ಅಪ್ಪ ಯಾಕೆ ಹೇಳ್ಲಿಲ್ಲ?"

"ನನ್ನ ಮೇಲಿನ ಅಕ್ಕರೆಗೆ. ಎಲ್ಲ ತನ್ನ ತಲೆ ಮೇಲೆ ಹಾಕ್ಕೊಂಡ. ನೀನು ಮೊಳೆ ಹೊಡೆದಾಗ ಹಲಗೆ ಹಿಂದಿರೋದು ಹೊರಬಿದ್ರೆ ಅಂತ ಹೆದರಿ ಹೊಡೆದ. ಆಮೇಲೆ ಹಿತ್ತಲಲ್ಲಿ ನಿಂತು ಅತ್ತ."

ಗ್ರೇವಿ ಆರಿಹೋಗುತ್ತಿತ್ತು. ಡೆಸ್ ಏನೋ ಹೇಳಲು ಬಾಯಿ ತೆರೆದ, ಆದರೆ ಮಾತು ಹೊರಟಿದ್ದು ಹಳೇ ದಾರಿಯಲ್ಲೇ. "ಹೋಗ್ಲಿ ಬಿಡಮ್ಮ. ಸರಳು ಹಾಕ್ಸೋಣ. ನಿನ್ನ ಮನೆ ಗಟ್ಟಿಯಾಗುತ್ತೆ. ನಿನ್ನನ್ನ ಯಾರೂ ಇಲ್ಲಿಂದ..."

"ನನ್ನ ಮನೆ ಅಂತ ಯಾರು ಹೇಳಿದ್ದು?" ಅಂದಳು ಮ್ಯೂರಿಯಲ್. "ಬಂದ ದಿನದಿಂದ ಇಲ್ಲಿ ನಂಗೆ ಚಳಿ. ಐವತ್ತೊಂಬತ್ತು ವರ್ಷದಿಂದ ಚಳಿ. ಮೆಟ್ಟಿಲು ಕಂಡ್ರೆ ಆಗಲ್ಲ. ಆ ಹಡಗಿನ ಕತೆ ಹೇಳಿದ್ದು, ಇರೋದು ಇಲ್ಲೇ ಆದ್ಮೇಲೆ ಏನಾದ್ರೂ ಹೇಳ್ಬೇಕಲ್ಲ ಅಂತ."

ಲಿನೆಟ್ ಬಡಿಸುವ ಚಮಚ ಹಿಡಿದೇ ನಿಂತಳು. "ಮತ್ತೆ ಇಷ್ಟು ವರ್ಷ ಯಾಕೆ ಬಾಯಿ ಬಿಡ್ಲಿಲ್ಲ ಅಮ್ಮಾ? ನಾನು ಗಿರಣಿ ಬೀದಿ ಅಂದಾಗೆಲ್ಲ ತಟ್ಟೆ ನೋಡ್ತಾ ಕೂರ್ತಿದ್ರಿ!"

"ಇವನಿಗೆ ಈ ಮನೆ ಅಂದ್ರೆ ಪ್ರಾಣ. ನಾನೂ ಬೇಡ ಅಂದ್ರೆ ಇವನ ಪರ ಯಾರಿದಾರೆ?"

"ನನಗೆ ಪ್ರಾಣ ಅಂತ ಅಲ್ಲ," ಅಂದ ಡೆಸ್, ಕಿವಿಯೆಲ್ಲ ಕೆಂಪಾಗಿ. "ನಿಂಗೆ ಅಂತ ನಾನು..." ಅವನು ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಮಹಡಿಗೆ ಹೋದ. ಮೇಲೆ ನೆಲದ ಹಲಗೆ ಒಂದು ಸಲ ಕಿರುಗುಟ್ಟಿತು, ಆಮೇಲೆ ಸದ್ದಿಲ್ಲ.

"ಜಗಳ ಮುಗೀತಾ, ಶುರುವಾಯ್ತಾ?" ಎಂದು ಪಿಸುಗುಟ್ಟಿದಳು ತಾಮ್ಸಿನ್.

"ನೀನು ತಿನ್ನು," ಅಂದರು ಇಬ್ಬರೂ ಹೆಂಗಸರು ಒಟ್ಟಿಗೆ.

ಕಾಲು ಗಂಟೆ ಕಳೆದು ಡೆಸ್ ಇಳಿದು ಬಂದ. ಕಪಾಟಿನಿಂದ ಅಪ್ಪನ ಫೋಟೋ ತೆಗೆದು, ತೋಳಿನಿಂದ ಧೂಳು ಒರೆಸಿ, ಬೆಂಕಿಗೂಡಿನ ಮೇಲೆ ಮೊದಲಿನ ಜಾಗದಲ್ಲಿಟ್ಟ. ಮೇಜಿಗೆ ಬಂದು ಕೂತು, ತಣ್ಣಗಾದ ಮಾಂಸವನ್ನು ಕತ್ತರಿಸುತ್ತ ಕೇಳಿದ: "ಆ ಗಿರಣಿ ಬೀದಿ ಮನೇಲಿ ಲಾರಿ ನಿಲ್ಲಿಸೋಕೆ ಜಾಗ ಇದೆಯಾ?"

ಬೇಸಿಗೆಯಲ್ಲಿ ಸರಳು ಹಾಕಿಸಿದರು. ಬಡಗಿಯ ಜೊತೆ ಡೆಸ್ ತಾನೇ ನಿಂತು ಅದರ ನಟ್ಟನ್ನು ದಿನಕ್ಕಿಷ್ಟು ಎಂದು ಬಿಗಿದ. ಒಂದೇ ಸಲ ಬಿಗಿದರೆ ಹಳೇ ಮರ ಸೀಳುತ್ತದಂತೆ. ಇಪ್ಸ್‌ವಿಚ್ ಪಟ್ಟಣದ ಒಬ್ಬ ಮೇಷ್ಟ್ರು ಮತ್ತು ಅವನ ಹೆಂಡತಿ ಮನೆ ಕೊಂಡರು. ವರದಿಯನ್ನು ಓದಿ, ಆ ತೊಲೆಯ ತುದಿಗಳಿಗೆ ಇನ್ನು ಹಲಗೆ ಮುಚ್ಚುವುದಿಲ್ಲ ಎಂದರು.

ಸೆಪ್ಟೆಂಬರಿನಲ್ಲಿ ಸಾಮಾನು ಹೊರಟಿತು. ಕೊನೆಯ ದಿನ ಮ್ಯೂರಿಯಲ್ ಕೋಟು ಹಾಕಿಕೊಂಡು, ತಾಮ್ಸಿನ್ ತೋಳು ಹಿಡಿದು, ತಗ್ಗಿನ ಬಾಗಿಲು ದಾಟಿ, ಹಿಂದೆ ತಿರುಗಿಯೂ ನೋಡದೆ ಹೋಗಿ ಕಾರಿನ ಮುಂದಿನ ಸೀಟಿನಲ್ಲಿ ಕೂತಳು. ಡೆಸ್ ಹಾಸಿಗೆಗಳನ್ನು ಲಾರಿಗೆ ಬಿಗಿಯುತ್ತಿದ್ದ. ಲಿನೆಟ್ ಒಳಗೆ ಕೊನೆಯ ಸಲ ನೆಲ ಗುಡಿಸುತ್ತಿದ್ದಳು. ಬೇಡವೆಂದರೂ ಕೇಳಿರಲಿಲ್ಲ, ಬರುವವರು ಏನಂದುಕೊಂಡಾರು ಎಂದು.

ಗುಡಿಸುತ್ತ ಗುಡಿಸುತ್ತ ಕೈ ನಿಂತಿತು. ಸಾಮಾನಿಲ್ಲದ ಕೋಣೆ ಎಷ್ಟು ದೊಡ್ಡದು ಎಂದು ಆಶ್ಚರ್ಯವಾಯಿತು. ಮಗಳು ಮೊದಲ ಹೆಜ್ಜೆ ಇಟ್ಟದ್ದು ಇಲ್ಲೇ, ಈ ಕಂಬದಿಂದ ಆ ಕಂಬಕ್ಕೆ. ಅವಳು ಕಂಬಕ್ಕೆ ಅಂಗೈ ಒತ್ತಿ ನಿಂತಳು, ಕಣ್ಣೀರು ಹೇಳದೆ ಕೇಳದೆ ಇಳಿಯತೊಡಗಿತು.

ಚೀಲ ಒಯ್ಯಲು ಬಂದ ತಾಮ್ಸಿನ್ ಬಾಗಿಲಲ್ಲೇ ನಿಂತಳು. "ಅಮ್ಮಾ? ನೀನಾ ಅಳ್ತಿರೋದು? ಇಪ್ಪತ್ತೊಂಬತ್ತು ವರ್ಷ ಇದನ್ನ ಬೈದೆಯಲ್ಲ?"

"ಬೈದಿದ್ದಕ್ಕೇ ಕಣೇ," ಅಂದಳು ಲಿನೆಟ್, ಏಪ್ರನ್ನಿನಿಂದ ಮೂಗು ಒರೆಸಿಕೊಳ್ಳುತ್ತ. "ದಿನಾ ಬೈಯೋಕೆ ಇನ್ನು ಏನಿದೆ ನಂಗೆ?"

ಹೊರಗಡೆ ಕಾರಿನ ಹಾರ್ನು ಕೂಗಿತು. ಉದ್ದಕ್ಕೆ, ಎರಡು ಸಲ. ಇಣುಕಿ ನೋಡಿದರೆ ಮ್ಯೂರಿಯಲ್ ತನ್ನ ಸೀಟಿನಿಂದ ಡ್ರೈವರ್ ಕಡೆಗೆ ಬಾಗಿ, ವಾಸಿಯಾದ ಕೈಯಲ್ಲಿ ಮೂರನೇ ಸಲ ಒತ್ತಲು ಸಿದ್ಧಳಾಗಿದ್ದಳು.

"ಬರ್ತೀರೋ," ಎಂದು ಕಿಟಕಿಯಿಂದ ಕೂಗಿದಳು, "ಇಲ್ಲ ನಾನೇ ಓಡಿಸ್ಕೊಂಡು ಹೋಗ್ಲೋ?"